ಚಿಕ್ಕತಾಯಮ್ಮನ ಹೊಸ್ತಿಲು

ಪೂಜ್ಯ ಅರುಳಪ್ಪ ಸ್ವಾಮಿಗಳ ದರ್ಶನಕ್ಕೆ ಬಂದವರು ಮೊದಲು ಚರ್ಚಿನಲ್ಲಿ ಹುಡುಕುತ್ತಿದ್ದರು, ಆಮೇಲೆ ಗುರುಮನೆಯಲ್ಲಿ. ಸ್ವಾಮಿಗಳು ಎರಡು ಕಡೆಯೂ ಸಿಗುತ್ತಿರಲಿಲ್ಲ. ಕೊಳ್ಳೇಗಾಲದಾಚೆಯ ಆ ಕಲ್ಲುಹಟ್ಟಿಯಲ್ಲಿ ಪಂಚೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ಗಾರೆ ಕಲಸುತ್ತಿದ್ದ ಮುದುಕರೇ ಅವರು ಎಂದರೆ ಯಾರು ನಂಬಿಯಾರು? ಗುಡಿಸಲುಗಳಲ್ಲಿದ್ದ ಒಂಬತ್ತು ಸಂಸಾರಗಳಿಗೆ ಅವರ ಧರ್ಮಕೇಂದ್ರದ ಜನ ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ ಮುಗಿಸಿ ಬಂದು, ಕೂಲಿಯಿಲ್ಲದೆ ಮನೆ ಕಟ್ಟಿಕೊಡುತ್ತಿದ್ದರು. ಯಾವ ಜಾತಿ, ಯಾವ ಮತ ಎಂದು ಸ್ವಾಮಿಗಳು ಒಮ್ಮೆಯೂ ವಿಚಾರಿಸಿದವರಲ್ಲ.

ನಾಲ್ಕನೆಯ ಮನೆ ಚಿಕ್ಕತಾಯಮ್ಮನದು. ಗಂಡ ಕಲ್ಲುಗಣಿಯಲ್ಲಿ ಸತ್ತು ಆರು ವರ್ಷ, ಜೊತೆಗೊಬ್ಬಳು ಮಗಳು. ಅವಳಿಗೆ ಅನುಮಾನವೆಂದರೆ ಅಂತಿಂಥ ಅನುಮಾನವಲ್ಲ. ಪುಕ್ಕಟೆ ಮನೆ ಯಾರಪ್ಪಾ ಕೊಡುತ್ತಾರೆ? ಇವತ್ತು ಗೋಡೆ ಎಬ್ಬಿಸಿದವರು ನಾಳೆ ತಲೆಗೆ ನೀರು ಹಾಕಿ ಹೆಸರು ಬದಲಾಯಿಸದೆ ಬಿಡುತ್ತಾರೆಯೇ? ಹಾಗೆಂದು ಬೇಡ ಎನ್ನಲೂ ಬಾಯಿ ಬರದು. ಬೆಳೆದ ಹೆಣ್ಣುಮಗಳನ್ನು ಹರಿದ ಟಾರ್ಪಾಲಿನ ಕೆಳಗೆ ಇಟ್ಟುಕೊಂಡು ಇನ್ನೆಷ್ಟು ದಿನ ದೂಡಬೇಕು! ಅದಕ್ಕೇ ಅವಳು ಪ್ರತಿ ಭಾನುವಾರ ಹುಣಸೆಮರದಡಿ ಕೂತು ಕಟ್ಟುವವರ ಕೈಯನ್ನೇ ನೋಡುತ್ತಿದ್ದಳು.

ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಅವಳ ಕಣ್ಣಿಗೆ ಬಿದ್ದೇಬಿಟ್ಟಿತು. ಸೇವೆಗೆ ಬಂದಿದ್ದ ಬಡಗಿ ಚೌರಪ್ಪ ಅತ್ತಿತ್ತ ನೋಡಿ, ಬಟ್ಟೆಯಲ್ಲಿ ಸುತ್ತಿದ ಏನನ್ನೋ ಹೊಸ್ತಿಲಡಿಗೆ ತುರುಕಿ ಗಾರೆ ಮೆತ್ತಿದ.

"ಸುಮ್ಕಿರೇ, ಬಾಯಿ ಬಿಟ್ರೆ ಮನೆ ಬೇರೆಯೋರ ಪಾಲಾಯ್ತದೆ" ಎಂದು ಪಕ್ಕದ ಗುಡಿಸಲಿನ ರಾಚಮ್ಮ ಹೆದರಿಸಿದಳು. ಒಂದು ವಾರ ಚಿಕ್ಕತಾಯಮ್ಮನಿಗೆ ಅನ್ನ ಸೇರಲಿಲ್ಲ. ಮುಂದಿನ ಭಾನುವಾರ ಗೋಡೆ ಎದೆಮಟ್ಟಕ್ಕೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಸ್ವಾಮಿ, ನನ್ನ ಹೊಸ್ತಿಲ ಕೆಳಗೆ ಏನೋ ಹೂತವ್ರೆ. ನನ್ನ ಮಗಳನ್ನ ನಿಮ್ಮ ಮತಕ್ಕೆ ಎಳ್ಕೊಳೋಕೆ ಮಾಡಿರೋದು. ನಂಗೇನು ಕಣ್ಣು ಕಾಣಲ್ವಾ?"

ಕೆಲಸದವರು ಕೆರಳಿದರು. "ರಟ್ಟೆ ಬೀಳೋ ಹಂಗೆ ದುಡಿದಿದ್ದಕ್ಕೆ ಈ ಮಾತಾ? ಬ್ಯಾಡ ಅಂದ್ರೆ ಬಿಡಮ್ಮ, ತಗೊಳೋರು ಸಾಲು ನಿಂತವ್ರೆ!"

ಸ್ವಾಮಿಗಳು ಸಲಿಕೆ ಕೆಳಗಿಟ್ಟರು.

"ಮನೆ ಅವರದು. ಚೌಕಟ್ಟು ಕೀಳಿ."

"ಇಷ್ಟು ಕಟ್ಟಿರೋದೆಲ್ಲ ಹಾಳಾಯ್ತದಲ್ಲ, ಸ್ವಾಮಿ!"

ಸ್ವಾಮಿಗಳು ಹಾರೆ ಎತ್ತಿಕೊಂಡರು. ಎಪ್ಪತ್ತು ದಾಟಿದ ಆ ಮಹಾತ್ಮರು ತಾವು ಕಟ್ಟಿದ್ದನ್ನು ತಾವೇ ಕೆಡವುತ್ತಿದ್ದರೆ ಉಳಿದವರು ಕೈಕಟ್ಟಿ ನಿಲ್ಲುವುದಾದರೂ ಹೇಗೆ? ಗೊಣಗುತ್ತಲೇ ಎಲ್ಲರೂ ಕೈಹಾಕಿದರು.

ಚೌಕಟ್ಟು ಸಡಿಲಿಸಿ ನೋಡಿದರೆ ಬಟ್ಟೆಯ ಗಂಟು. ಗಂಟಿನೊಳಗೆ ಬೆರಳುದ್ದದ ಶಿಲುಬೆ. ಅಯ್ಯೋ ದೇವರೇ, ಆಕೆಯ ಅನುಮಾನ ಸುಳ್ಳಾಗಿರಲಿಲ್ಲ!

ಚೌರಪ್ಪ ತಲೆ ತಗ್ಗಿಸಿದ. "ಕೆಟ್ಟದ್ದಕ್ಕಲ್ಲ ಸ್ವಾಮಿ. ಗಂಡು ದಿಕ್ಕಿಲ್ಲದ ಮನೆ, ದೇವರು ಕಾಪಾಡ್ಲಿ ಅಂತ... ನಮ್ಮನೇಲೂ ಹಿಂಗೇ ಇಟ್ಟಿದ್ದೀವಿ."

"ಅವರನ್ನು ಕೇಳಿದೆಯಾ, ಚೌರಪ್ಪಾ?"

ಸ್ವಾಮಿಗಳು ಶಿಲುಬೆಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. ಎಲ್ಲರೆದುರು ಆ ಹೆಂಗಸಿಗೆ ಕೈಮುಗಿದು, "ತಪ್ಪು ನಮ್ಮದು, ತಾಯಿ. ನಿಮ್ಮಲ್ಲಿ ಏನಿಡುವ ಪದ್ಧತಿಯೋ ಅದನ್ನು ನೀವೇ ಇಡಿ" ಎಂದರು.

ಇದೂ ಒಂದು ಉಪಾಯವಿದ್ದೀತು ಎಂದು ಅವಳು ಅವರ ಮುಖವನ್ನೇ ದಿಟ್ಟಿಸಿದಳು. ಆ ಮುಖದಲ್ಲಿ ನಾಚಿಕೆಯಿತ್ತು, ಬೆವರಿತ್ತು. ಮತ್ತೇನೂ ಅವಳಿಗೆ ಕಾಣಲಿಲ್ಲ. ಅವಳ ದನಿ ಇಳಿಯಿತು.

"ನವಧಾನ್ಯ, ಅರಿಸಿನ ಕೊಂಬು ಇಡ್ತಾರೆ ಸ್ವಾಮಿ. ಆದ್ರೆ ನಾನು ಮುಟ್ಟಂಗಿಲ್ಲ, ಗಂಡ ಸತ್ತೋಳು. ಮುತ್ತೈದೇರು ಯಾರಾದ್ರೂ..."

"ಮನೆ ಯಾರದು?"

"ನಂದು."

"ಹಾಗಾದರೆ ನಿಮ್ಮ ಕೈಯೇ ಆಗಬೇಕು."

ಮಗಳು ಓಡಿಹೋಗಿ ಕಾಳು, ಅರಿಸಿನ ತರುವವರೆಗೆ ಸ್ವಾಮಿಗಳು ಒಂದು ಕಡೆ, ಚೌರಪ್ಪ ಇನ್ನೊಂದು ಕಡೆ ಚೌಕಟ್ಟನ್ನು ಎತ್ತಿ ಹಿಡಿದೇ ನಿಂತರು. ಆರು ವರ್ಷದಿಂದ ಯಾರ ಮದುವೆಯಲ್ಲೂ ಒಂದು ಕಾಳು ಅಕ್ಷತೆ ಮುಟ್ಟದಿದ್ದ ಚಿಕ್ಕತಾಯಮ್ಮ ಮಂಡಿಯೂರಿ ಕೂತು ತನ್ನ ಹೊಸ್ತಿಲಡಿಗೆ ನವಧಾನ್ಯ ಇಟ್ಟಳು. ಇಟ್ಟವಳೇ ಬಿಕ್ಕಿ ಬಿಕ್ಕಿ ಅತ್ತಳು.

ಅವಳ ಮನೆ ಕಟ್ಟಿ ಮುಗಿದ ಮರು ಭಾನುವಾರ ಐದನೆಯ ಮನೆಯ ಪಾಯದ ಹತ್ತಿರ ಎಲ್ಲರಿಗಿಂತ ಮೊದಲು ಬಂದು ನಿಂತವಳು ಅವಳೇ.

"ಏನೇ, ಅವರ ಮತಕ್ಕೆ ಸೇರ್ಕೊಂಡ್ಬಿಟ್ಯಾ?" ಎಂದು ರಾಚಮ್ಮ ಚುಚ್ಚಿದಳು.

"ಯಾರೂ ಕರೀಲೇ ಇಲ್ಲ ಕಣೇ. ಕರೀದೇ ಇದ್ದದ್ದಕ್ಕೇ ಬಂದೆ" ಎನ್ನುತ್ತ ಚಿಕ್ಕತಾಯಮ್ಮ ಗಾರೆಯ ಬಾಂಡಲಿಯನ್ನು ತಲೆಗೇರಿಸಿದಳು.