ಹಾಲಮ್ಮನ ಬೆಣ್ಣೆದೋಸೆ

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಹಾಲಮ್ಮ, ಮಗ ಕೊಟ್ರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದರಲ್ಲಿ ಕೊಟ್ರನನ್ನು ಮೀರಿಸುವವರು ಬಳ್ಳಾರಿ ಸೀಮೆಯಲ್ಲೇ ಇರಲಿಲ್ಲ. ಹಾಲಮ್ಮನ ಗೋಳೂ ಅದೇ. "ಬಾಗಿಲು ನೋಡ್ತಿರು" ಅಂದರೆ ಬಾಗಿಲನ್ನೇ ನೋಡುತ್ತಿದ್ದ. ನಾಯಿ ಅವನ ಕಾಲ ಸಂದಿಯಲ್ಲೇ ನುಗ್ಗಿ ರೊಟ್ಟಿ ಕಚ್ಚಿಕೊಂಡು ಹೋದರೂ ಕಣ್ಣು ಕದಲಿಸುತ್ತಿರಲಿಲ್ಲ. "ಅಪ್ಪನಂಗೇ ಮಗ," ಎಂದು ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಮ್ಮೆ ಹಾಲಮ್ಮ ಜ್ವರ ಬಂದು ಮಲಗಿದಳು. ಜ್ವರ ಹೋಯಿತು, ಅದರ ಜೊತೆ ಬಾಯಿರುಚಿಯೂ ಹೋಯಿತು. ಅನ್ನ ಸೇರದು, ಗಂಜಿ ಸೇರದು. ಬೇಕಾಗಿದ್ದು ಒಂದೇ, ತವರೂರು ದಾವಣಗೆರೆಯ ಮಾವಿನಮರದ ಹೋಟೆಲಿನ ಬೆಣ್ಣೆದೋಸೆ. ಮದುವೆಯಾದ ಹೊಸತರಲ್ಲಿ ಗಂಡ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಆ ದೋಸೆ ಮಾತ್ರ ನಾಲಿಗೆ ಬಿಟ್ಟಿರಲಿಲ್ಲ. "ಅದೊಂದು ಚೂರು ತಿಂದ್ರೆ ಎದ್ದು ಕೂತ್ಕಂತೀನಿ ಕಣೋ," ಅಂದಳು.

ದಾವಣಗೆರೆ ದೂರ. ಆದರೆ ಆ ಹೋಟೆಲಿನ ಬ್ರಾಂಚು ಬಳ್ಳಾರಿಯಲ್ಲೂ ಆಗಿದೆ ಅಂತ ಸುದ್ದಿ ಬಂದಿತ್ತು. "ಹೋಗಪ್ಪ. ದೊಡ್ಡ ಮಾವಿನಮರ ಇರ್ತದೆ. ಅದರ ಕೆಳಗೆ ಕೂತ್ರೆ ದೋಸೆ ತಂದು ಕೊಡ್ತಾರೆ."

ಬಳ್ಳಾರಿಯ ಹೋಟೆಲಿಗೆ ಮಾವಿನಮರ ಇದ್ದದ್ದು ಹೆಸರಿನಲ್ಲಿ ಮಾತ್ರ. ಕೊಟ್ರ ಆ ಹೋಟೆಲಿನ ಮುಂದೆಯೇ ಹಾದುಹೋಗಿ, ಯಾರದೋ ಹಿತ್ತಲಲ್ಲಿ ಮಾವಿನಮರ ಕಂಡು ಅದರ ಕೆಳಗೆ ಕೂತ. ಸಂಜೆ ಆ ಮನೆಯವರು ಬಂದು ಕಾಯಿಕಳ್ಳನೆಂದು ಅಟ್ಟಿದರು.

"ನೀನು ಹೇಳ್ದಂಗೇ ಮಾಡಿದ್ನಲ್ಲವ್ವ."

"ಅಯ್ಯೋ ದಡ್ಡ! ಮರ ನೋಡ್ಬ್ಯಾಡ, ಬೋರ್ಡು ನೋಡು. ದೋಸೆ ತಗಂಡು ಬಿಸಿ ಆರದಂಗೆ ತಾ."

ಈ ಸಲ ಬೋರ್ಡೂ ಸಿಕ್ಕಿತು, ದೋಸೆಯೂ ಸಿಕ್ಕಿತು. ಬಿಸಿ ಆರಬಾರದಲ್ಲ? ಬಸ್ಸಿನಲ್ಲಿ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳ ಒಲೆಯ ಹಾಗೆ ಕಾದಿತ್ತು. ಕೊಟ್ರ ದೋಸೆಯನ್ನು ಅದರ ಮೇಲೆ ಹರಡಿ ಕೂತ. ಬೆಣ್ಣೆ ಕರಗಿ ಡ್ರೈವರನ ಚಪ್ಪಲಿಗೆ ಇಳಿಯಿತು, ಬ್ರೇಕಿನ ಮೇಲಿದ್ದ ಕಾಲು ಜಾರಿತು, ಬಸ್ಸು ಜೋಳದ ಹೊಲ ನೋಡಿಕೊಂಡು ಬಂತು. ಮನೆ ಸೇರಿದ್ದು ಒಂದು ಕರಿ ತುಂಡು.

"ನೀನು ಹೇಳ್ದಂಗೇ ಮಾಡಿದ್ನಲ್ಲವ್ವ."

"ಬೆಣ್ಣೆ ಕರಗಬಾರದು ಕಣೋ! ನಾವು ಬೆಣ್ಣೆ ಎಲ್ಲಿ ಇಡ್ತೀವಿ? ನೀರಾಗೆ ತಾನೇ? ಬೆಣ್ಣೆ ಕರಗಾಕೆ ಹತ್ತಿದ್ರೆ ತಣ್ಣೀರು ಹಾಕ್ಬೇಕು. ಮರೀಬ್ಯಾಡ."

"ಮರೆಯಲ್ಲವ್ವ." ಈ ಮಾತನ್ನು ಅವನು ನಿಜವಾಗಿಯೂ ಮರೆಯಲಿಲ್ಲ.

ಮುಂದಿನ ಸಲ ದೊಡ್ಡ ಚೊಂಬಿನ ತುಂಬ ನೀರು ಒಯ್ದ. ದೋಸೆ, ಬೆಣ್ಣೆ, ಪಲ್ಯ, ಚಟ್ನಿ, ಎಲ್ಲವನ್ನೂ ಅದರಲ್ಲಿ ಮುಳುಗಿಸಿ ಹುಷಾರಾಗಿ ಹೊತ್ತು ತಂದ. ಹಾಲಮ್ಮ ಚೊಂಬಿನೊಳಗೆ ಇಣುಕಿದಳು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಹಳಸಿಹೋಗಿತ್ತು. ಈ ಸಲ ಬೈಯಲಿಲ್ಲ, ಸುಮ್ಮನೆ ಅತ್ತಳು.

"ನನ್ನ ಹಣೇಲಿ ಬರೆದಿಲ್ಲ ಬಿಡು. ಇನ್ನು ನೀನೇ ಹೋಗಿ ನನ್ನ ಹೆಸರು ಹೇಳ್ಕಂಡು ತಿಂದು ಬಾ. ನಾನು ತಿಂದಂಗೇ ಆತು."

ಕೊಟ್ರ ಹೋದ, ಕೂತ, ಒಂದು ತುತ್ತು ಮುರಿದ. "ಹಾಲಮ್ಮ!" ಎಂದು ಕೂಗಿ ಬಾಯಿಗಿಟ್ಟ. ಇನ್ನೊಂದು ತುತ್ತು. "ಹಾಲಮ್ಮ!" ಕೂತವರೆಲ್ಲ ತಿನ್ನುವುದು ಬಿಟ್ಟು ನೋಡಿದರು. ಒಲೆಯ ಮುಂದಿದ್ದ ಚನ್ನಬಸಜ್ಜ ಸೌಟು ಹಿಡಿದೇ ಎದ್ದು ಬಂದ. ಪ್ರಾಯವೆಲ್ಲ ದಾವಣಗೆರೆಯ ಹೋಟೆಲಿನಲ್ಲಿ ದೋಸೆ ಹಾಕಿ, ಈಗ ಹೊಸಬರಿಗೆ ಕಲಿಸಲು ಇಲ್ಲಿಗೆ ಬಂದಿದ್ದವನು ಅವನು.

"ಯಾವ ಹಾಲಮ್ಮನೋ? ನಮ್ಮ ಓಣಿ ಹಾಲಮ್ಮನಾ? ಗುರುಸಿದ್ದಪ್ಪಗೆ ಕೊಟ್ಟಿದ್ರಲ್ಲ?"

"ನಮ್ಮವ್ವ," ಅಂದ ಕೊಟ್ರ. ಅವಳ ಜ್ವರ, ಚೊಂಬು, ಬಸ್ಸು, ಎಲ್ಲ ಹೇಳಿದ.

ಅಜ್ಜ ಅವನ ಮುಖವನ್ನೇ ನೋಡಿದ. "ಥೇಟ್ ಅಪ್ಪನೇ," ಅಂದ.

ಹೋಟೆಲಿಗೆ ರಜೆ ಇದ್ದ ದಿನ ಚನ್ನಬಸಜ್ಜ ಹಿಟ್ಟು, ಬೆಣ್ಣೆ, ಕಾವಲಿ ಹಿಡಿದು ಅವರ ಮನೆಗೇ ಬಂದ. ಒಲೆ ಹೊತ್ತಿತು. ದೋಸೆಯ ಘಮ ಕೋಣೆಗೆ ಹೋದದ್ದೇ ಹಾಲಮ್ಮ ಗೋಡೆ ಹಿಡಿದು ಎದ್ದು ಬಂದು ಒಲೆಯ ಮುಂದೆ ಕೂತಳು. ತಟ್ಟೆಗೆ ದೋಸೆ ಬಿತ್ತು, ಮೇಲೆ ನಿಂಬೆಗಾತ್ರದ ಬೆಣ್ಣೆ. ಅವಳು ಕೈ ಚಾಚಿದಳು.

ಪಕ್ಕದಲ್ಲಿದ್ದ ಕೊಟ್ರ ನೋಡಿದ. ಬೆಣ್ಣೆ ಕರಗಲು ಹತ್ತಿತ್ತು! ಚೊಂಬು ತಂದು, ತಣ್ಣೀರನ್ನು ತಟ್ಟೆಯ ಮೇಲೆ ಸುರಿದೇಬಿಟ್ಟ.

ಅಜ್ಜ ತಲೆಯ ಮೇಲೆ ಕೈ ಹೊತ್ತ. ಹಾಲಮ್ಮ ತಟ್ಟೆ ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಗುನಗುತ್ತಲೇ ಕಣ್ಣೀರು ಇಳಿಯಿತು.

"ನೆನಪೈತಾ ಚನ್ನಬಸಣ್ಣ? ಅವತ್ತು ನಿಮ್ಮ ಹೋಟ್ಲಾಗೆ 'ಭಾಳ ಬಿಸಿ ಐತ್ರೀ, ಬಾಯಿ ಸುಡ್ತದೆ' ಅಂದೆ. ಇವರಪ್ಪ ಲೋಟದ ನೀರು ತಗಂಡು ನನ್ನ ದೋಸೆ ಮೇಲೆ ಸುರಿದ್ರು."

"ಹೋಟೆಲೆಲ್ಲ ನಕ್ಕಿತ್ತಲ್ಲೇ ಹಾಲಮ್ಮ," ಅಂದ ಅಜ್ಜ.

ಅವಳು ನೆಂದ ದೋಸೆಯನ್ನು ಚೂರೂ ಬಿಡದೆ ತಿಂದಳು, ಬೆರಳು ನೆಕ್ಕಿದಳು. "ಇದೇ ರುಚಿ ಕಣೋ ಕೊಟ್ರ. ನಾನು ಕೇಳಿದ್ದು ಇದನ್ನೇ," ಅಂದಳು. "ಇನ್ನೊಂದು ಕೊಡಣ್ಣ."

ಅಜ್ಜ ಕಾವಲಿಯ ಮೇಲೆ ಹಿಟ್ಟು ಹರಡಿದ. ಕೊಟ್ರ ಮತ್ತೊಂದು ಚೊಂಬು ತಣ್ಣೀರು ತುಂಬಿಕೊಂಡು ಬಂದು, ಅವ್ವನ ಪಕ್ಕ ಕಾದು ನಿಂತ.