ಪುಟ್ಟಸಿದ್ದಮ್ಮ ಹೊಲಿದ ಡೇರೆ

ಬೆಟ್ಟದ ಬುಡದಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದ ಕೂಡಲೇ ಹುಂಡಿ, ಪಾದಪೂಜೆ, ಬೆಳ್ಳಿ ಕಿರೀಟ ಅಂತ ಯೋಚಿಸಬೇಡಿ. ಎರಡು ಹೆಂಚಿನ ಕೊಠಡಿ, ಒಂದು ಬಾವಿ, ಒಂದು ಹಲಸಿನ ಮರ, ಅಷ್ಟೇ.

ಅಲ್ಲಿದ್ದ ಗುರು ಒಬ್ಬ ಮುದುಕಿ. ಎಲ್ಲರೂ ಅವಳನ್ನು ಅವ್ವ ಅಂತಲೇ ಕರೆಯುತ್ತಿದ್ದರು. ಕಾಲಿಗೆ ಬೀಳಲು ಬಂದವರ ಕೈಗೆ ಅವಳು ಪೊರಕೆ ಕೊಡುತ್ತಿದ್ದಳು.

"ಹೇಗೂ ಬಗ್ಗಿದ್ದೀಯ, ಅಂಗಳ ಗುಡಿಸಿಬಿಡು."

ಪರಶಿವ ಅವಳ ಶಿಷ್ಯ. ಇಲ್ಲಿಗೆ ಬರುವ ಮೊದಲು ಬೀದಿಯಲ್ಲಿ ನಿಂತು ಕೂಗಿದವನು. ಕೂಲಿ ಮುರಿದುಕೊಂಡ ಮಾಲೀಕರ ಮನೆ ಮುಂದೆ ಕೂಗಿದ್ದ, ಕಚೇರಿ ಮುಂದೆ ಕೂಗಿದ್ದ, ಠಾಣೆ ಮುಂದೆ ಕೂಗಿ ಒದೆ ತಿಂದಿದ್ದ. ಅವನ ಕೂಗಿನಿಂದ ಬಡವರಿಗೆ ಒಳ್ಳೆಯದೂ ಆಗಿತ್ತು. ಆಶ್ರಮ ಸೇರಿದ ಮೇಲೆ ಗಡ್ಡ ಬೆಳೆಯಿತು. ಗಂಟಲು ಮಾತ್ರ ಹಾಗೇ ಇತ್ತು.

ಪ್ರತಿ ಚಳಿಗಾಲದಲ್ಲಿ ಆಶ್ರಮದವರು ಬೆಟ್ಟ ದಾಟಿ ಆಚೆಯ ಕಾಡುಜನರ ಹಾಡಿಗಳಿಗೆ ಔಷಧಿ, ಸ್ಲೇಟು, ಬಟ್ಟೆ ಹೊತ್ತು ಹೋಗುತ್ತಿದ್ದರು. ದಾರಿಯಲ್ಲಿ ಮಲಗಲು ಒಂದು ದೊಡ್ಡ ಟಾರ್ಪಾಲು ಇತ್ತು. ಎತ್ತಿದರೆ ಸೊಂಟ ಮುರಿಯುವಂಥದ್ದು. ಅದನ್ನು ಹೊರುವವರು ಪ್ರತಿ ವರ್ಷವೂ ಅದೇ ಇಬ್ಬರು ಕೂಲಿಯವರು. ರಾತ್ರಿ ಅದರ ನಡುವೆ ಮಲಗುವವರು ಬೇರೆ. ಹೊತ್ತು ತಂದವರಿಗೆ ಅಂಚು.

"ಇದು ಅನ್ಯಾಯ," ಅಂದ ಪರಶಿವ. "ಅವರವರ ಸೂರು ಅವರವರೇ ಹೊರಬೇಕು."

"ಹೊರುವಂಥ ಸೂರು ಮಾಡು," ಅಂದಳು ಅವ್ವ.

ಅವನು ಹಟ ಹಿಡಿದ. ಪಟ್ಟಣದ ಅಂಗಡಿಯಲ್ಲಿ ಬೆಟ್ಟ ಹತ್ತುವವರಿಗೆಂದು ನಿಲ್ಲಿಸಿದ್ದ ಹಗುರ ಡೇರೆಯೊಂದನ್ನು ಕಣ್ಣಲ್ಲೇ ಅಳೆದುಕೊಂಡು ಬಂದ. ಆಶ್ರಮದ ನೆಲದ ಮೇಲೆ ಇದ್ದಿಲಿನಿಂದ ಅದರ ಚಿತ್ರ ಬರೆದ. ಯಾರೋ ಭಕ್ತರು ನೀರು ಹಿಡಿಯದ ಪ್ಯಾರಾಚೂಟ್ ಬಟ್ಟೆ ಕೊಡಿಸಿದರು.

ಕೆಳಗಿನ ಹಳ್ಳಿಯ ಪುಟ್ಟಸಿದ್ದಮ್ಮ ಅದನ್ನು ಹೊಲಿದಳು. ರವಿಕೆ ಹೊಲಿಯುವ ಹೆಂಗಸು. ರೆಡಿಮೇಡ್ ಬಂದ ಮೇಲೆ ಅವಳ ಬೀದಿಯ ಹೊಲಿಗೆ ಮಿಷನ್ನುಗಳ ಮೇಲೆ ಬೆಕ್ಕುಗಳು ಮಲಗುತ್ತಿದ್ದವು. ಸಿದ್ದಮ್ಮ ಬೆಕ್ಕು ಓಡಿಸಿ, ಮಿಷನ್ನಿಗೆ ಎಣ್ಣೆ ಬಿಟ್ಟು ಕೂತಳು. ಹೊಲಿಗೆಯ ಮೇಲೆಲ್ಲ ಜೇನುಮೇಣ ತಿಕ್ಕಿದಳು.

ಡೇರೆ ಮಡಿಚಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು. ಎರಡು ತೆಂಗಿನಕಾಯಿಯ ತೂಕ. ಬೇರೆ ಕಂಬ ಬೇಕಿರಲಿಲ್ಲ. ಕೈಯಲ್ಲಿದ್ದ ಊರುಗೋಲನ್ನೇ ನಡುವೆ ನಿಲ್ಲಿಸಿ, ಸುತ್ತ ಗೂಟ ಹೊಡೆದು ಹಗ್ಗ ಬಿಗಿದರೆ ಒಬ್ಬರಿಗೆ ಮನೆ.

ಅವ್ವ ಬಟ್ಟೆಯನ್ನು ಮುಟ್ಟಿ ನೋಡಿದಳು.

"ಬೆಟ್ಟದ ಮೇಲೆ ಒಂದು ರಾತ್ರಿ ನಿಲ್ಲಲಿ. ನಿಂತರೆ ಉಳಿದ ಡೇರೆಗಳನ್ನೂ ಸಿದ್ದಮ್ಮನ ಬೀದಿಯವರೇ ಹೊಲೀಲಿ. ಇಲ್ಲದಿದ್ದರೆ ಪಟ್ಟಣದಿಂದ ತರೋಣ. ಪರಶಿವ ಒಳಗೆ ಮಲಗಿ ನೋಡಲಿ. ಅವನು ಹೇಳಿದ್ದೇ ತೀರ್ಮಾನ."

"ನಾನೂ ಬತ್ತೀನಿ ಅವ್ವ," ಅಂದಳು ಸಿದ್ದಮ್ಮ. "ನಾನು ಹೊಲಿದದ್ದು ಗಾಳೀಲಿ ಹೆಂಗೆ ನಿಂತ್ಕತದೆ ನೋಡ್ಬೇಕು. ಇಡೀ ಬೀದಿ ನನ್ನ ಮುಖ ನೋಡ್ಕಂಡು ಕೂತದೆ."

ಮೂವರೂ ಹತ್ತಿದರು.

ತುದಿಯಲ್ಲಿ ಹುಲ್ಲು, ಬಂಡೆ, ಒಂದು ಸಣ್ಣ ತೊರೆ, ಹಳೆಯ ಕಲ್ಲುಮಂಟಪ. ಪರಶಿವ ಬಯಲಲ್ಲಿ ಡೇರೆ ನಿಲ್ಲಿಸಿದ. ಗಾಳಿ ಬೀಸಿತು. ಬಟ್ಟೆ ಪಟಪಟ ಹೊಡೆದುಕೊಂಡಿತು, ಆದರೆ ಗೂಟ ಕೀಳಲಿಲ್ಲ, ಹೊಲಿಗೆ ಹರಿಯಲಿಲ್ಲ. ಸಿದ್ದಮ್ಮ ಸುತ್ತ ತಿರುಗಿ ತಿರುಗಿ ನೋಡಿದಳು. ಮಗಳನ್ನು ಗಂಡಿನ ಮನೆಯವರಿಗೆ ತೋರಿಸುವ ತಾಯಿಯ ಹಾಗಿತ್ತು ಅವಳ ಮುಖ.

ಹೆಂಗಸರಿಬ್ಬರೂ ಮಂಟಪದಲ್ಲಿ ಕಂಬಳಿ ಹೊದ್ದು ಮಲಗಿದರು. ಪರಶಿವ ಡೇರೆಯೊಳಗೆ ಹೋದ.

ಚಳಿ ಅಂದರೆ ಚಳಿ. ಡೇರೆಯ ಮೇಲ್ತುದಿಯಲ್ಲಿ, ಮಳೆ ಬೀಳದಂತೆ ಇಳಿಬಿಟ್ಟ ಬಟ್ಟೆಯ ಕೆಳಗೆ, ಎರಡು ಗಾಳಿಕಿಂಡಿಗಳಿದ್ದವು. ಅಂಗಡಿಯ ಡೇರೆಯಲ್ಲಿ ಇದ್ದವು ಅಂತ ಪರಶಿವ ಬರೆದಿದ್ದ, ಅವನು ಬರೆದಿದ್ದ ಅಂತ ಸಿದ್ದಮ್ಮ ಹೊಲಿದಿದ್ದಳು. ಯಾಕೆ ಅಂತ ಇಬ್ಬರೂ ಕೇಳಿರಲಿಲ್ಲ. ಒಂದಕ್ಕೆ ಟವಲು ತುರುಕಿದ, ಇನ್ನೊಂದಕ್ಕೆ ಕಾಲುಚೀಲ. ಬಾಗಿಲ ಗುಂಡಿಗಳನ್ನೆಲ್ಲ ಹಾಕಿದ. ಕೆಳಗಿನ ಅಂಚಿಗೆ ಒಳಗಿನಿಂದ ಕಲ್ಲು ಪೇರಿಸಿದ. ಬೆಚ್ಚಗಾಯಿತು. ಮಲಗಿದ.

ಬೆಳಗಾಗುವಾಗ ಹಣೆಯ ಮೇಲೆ ಒಂದು ಹನಿ ಬಿತ್ತು. ಕಣ್ಣು ಬಿಟ್ಟ. ಇನ್ನೊಂದು ಬಿತ್ತು. ಗೋಡೆ ಮುಟ್ಟಿದ, ಅಂಗೈಯೆಲ್ಲ ನೀರು. ಹೊದಿಕೆ ಒದ್ದೆ, ಗಡ್ಡ ಒದ್ದೆ.

ಪರಶಿವ ಹೊರಗೆ ಬಂದವನೇ ಕೂಗಿದ.

"ಸಿದ್ದಮ್ಮಾ! ಬಾ ಇಲ್ಲಿ!"

ಅವಳು ಮಂಟಪದಲ್ಲಿ ಕಾಫಿಗೆ ಒಲೆ ಊದುತ್ತಿದ್ದಳು. ಊದುಕೊಳವೆ ಕೈಯಲ್ಲೇ ಹಿಡಿದು ಓಡಿ ಬಂದಳು.

"ಇದು ಹೊಲಿಗೆಯೋ ಜರಡಿಯೋ? ಹೊಲಿಯುವಾಗ ಕಣ್ಣು ಎಲ್ಲಿಟ್ಟಿದ್ದೆ? ಯಾರದೋ ರವಿಕೆ ಅಂದುಕೊಂಡೆಯಾ? ಮುದುಕರು, ಕಾಯಿಲೆಯವರು ಮಲಗುವ ಜಾಗ ಇದು! ನಿಮ್ಮ ಬೀದಿಯವರ ಪರವಾಗಿ ಎಲ್ಲರ ಹತ್ತಿರ ವಾದ ಮಾಡಿದೆನಲ್ಲ, ನನಗೆ ಬುದ್ಧಿ ಇಲ್ಲ. ಇದಕ್ಕೇ ನಿಮಗೆ ಯಾರೂ ಕೆಲಸ ಕೊಡೋದಿಲ್ಲ!"

ಸಿದ್ದಮ್ಮ ಡೇರೆಯೊಳಗೆ ಕೈ ಹಾಕಿ ನೋಡಿದಳು. ಕೈ ಒದ್ದೆಯಾಯಿತು. ಅವಳ ಮುಖ ಇಳಿದುಹೋಯಿತು.

"ತಪ್ಪಾಗೋಯ್ತು ಕಣಣ್ಣ. ಎಲ್ಲೋ ಹೊಲಿಗೆ ಬಿಟ್ಟೋಗದೆ. ಈಗ್ಲೇ ಬಿಚ್ಚಿ ಮತ್ತೆ ಹಾಕ್ತೀನಿ. ಪಟ್ಟಣದಿಂದ ತರಿಸ್ಬೇಡಿ ಅನ್ನಿ ಅವ್ವಂಗೆ."

ಸೆರಗಿನ ಗಂಟಿನಿಂದ ಸೂಜಿ, ಕತ್ತರಿ ತೆಗೆದಳು. ತಲೆಯ ಕಡೆಯ ಹೊಲಿಗೆಗೆ ಕತ್ತರಿ ಹಾಕಿ ಬಿಚ್ಚತೊಡಗಿದಳು.

ಗೇಣುದ್ದ ಬಿಚ್ಚಿದ್ದಳು. ಅಷ್ಟರಲ್ಲಿ ಕೂಗು ಕೇಳಿದ ಅವ್ವ ತೊರೆಯಿಂದ ಬಿಂದಿಗೆ ತುಂಬಿಕೊಂಡು ಬಂದು, ಡೇರೆಯೊಳಗೆ ಇಣುಕಿದಳು.

"ಸಿದ್ದಮ್ಮ, ಕತ್ತರಿ ಕೆಳಗಿಡು."

ಇಟ್ಟಳು.

"ಪರಶಿವ, ರಾತ್ರಿ ಮಳೆ ಬಂತಾ?"

"ಇಲ್ಲ."

"ಮತ್ತೆ ಸೋರಿದ್ದು ಏನು?"

"ಮಂಜು. ಬೆಟ್ಟದ ಮಂಜು."

"ನಾವು ನಾಲ್ಕು ಕಡೆಯೂ ತೆರೆದ ಮಂಟಪದಲ್ಲಿ ಮಲಗಿದ್ದೆವು. ನನ್ನ ಕಂಬಳಿ ಮುಟ್ಟಿ ನೋಡು."

ಮುಟ್ಟಿದ. ಒಣಗಿತ್ತು.

"ನಿಮಗೆ ಕಲ್ಲಿನ ಚಾವಣಿ ಇತ್ತು ಅವ್ವ."

"ನಿನಗೂ ಸಿದ್ದಮ್ಮ ಒಂದು ಚಾವಣಿ ಹೊಲಿದಿದ್ದಳು."

"ಅದು ಸೋರುತ್ತೆ ಅಂತ ತಾನೆ ನಾನು ಬಡ್ಕೊಳ್ತಿರೋದು!"

"ಸರಿ. ಒಳಗೆ ನಡಿ. ಮೊದಲು ಚೆನ್ನಾಗಿ ಒರೆಸು. ಆ ಟವಲು, ಕಾಲುಚೀಲ ಎಲ್ಲ ಕಿತ್ತುಹಾಕು. ಬಾಗಿಲು ತೆರೆದಿಡು, ನಿನ್ನ ಮುಖ ನನಗೆ ಕಾಣಬೇಕು."

ಅವನು ಒರೆಸಿ ಕೂತ. ಬಿಚ್ಚಿದ ಗೇಣುದ್ದವನ್ನು ಸಿದ್ದಮ್ಮ ಮಡಿಚಿ ಎರಡೂ ಕೈಯಿಂದ ಒತ್ತಿ ಹಿಡಿದಳು. ಅವ್ವ ಬಿಂದಿಗೆ ಎತ್ತಿ ಡೇರೆಯ ಮೇಲೆ ನೀರು ಸುರಿದಳು.

"ಬಂತಾ?"

"ಇಲ್ಲ."

ಮತ್ತೆ ತುಂಬಿಕೊಂಡು ಬಂದು ಹೊಲಿಗೆಯ ಉದ್ದಕ್ಕೂ ಸುರಿದಳು.

"ಈಗ?"

"ಇಲ್ಲ. ಆದರೆ ನೀವು ಗಿಡಕ್ಕೆ ಹಾಕಿದ ಹಾಗೆ ಹಾಕ್ತಿದ್ದೀರಿ. ಬೆಟ್ಟದ ಮಳೆ ಹೀಗೆ ಬರೋದಿಲ್ಲ."

"ನಾನು ಹಾಕ್ಲಾ ಅವ್ವ?" ಅಂದಳು ಸಿದ್ದಮ್ಮ.

"ಹಾಕು. ನಾನು ಹಿಡ್ಕೋತೀನಿ."

ಸಿದ್ದಮ್ಮ ತುಂಬಿದ ಬಿಂದಿಗೆಯನ್ನು ಹಿಂದಕ್ಕೆ ತೂಗಿ ರಪ್ಪನೆ ಎರಚಿದಳು. ಡೇರೆ ಅಲುಗಾಡಿತು. ಪರಶಿವ ಕಣ್ಣು ಮುಚ್ಚಿಕೊಂಡ. ಮತ್ತೆ ತೆರೆದ. ಮೇಲೆ ನೋಡಿದ, ಪಕ್ಕಕ್ಕೆ ನೋಡಿದ, ಹೊಲಿಗೆಯ ಮೇಲೆ ಬೆರಳಾಡಿಸಿದ.

"ಬಂತಾ ಅಣ್ಣ?"

ಒಳಗೆ ಒಂದು ಹನಿಯೂ ಇರಲಿಲ್ಲ.

"ಈಗ ರಾತ್ರಿ ಹೇಗಿದ್ದೆಯೋ ಹಾಗೇ ಎಲ್ಲ ಮುಚ್ಚು," ಅಂದಳು ಅವ್ವ.

ಅವನು ಟವಲು ತುರುಕಿದ, ಕಾಲುಚೀಲ ತುರುಕಿದ, ಗುಂಡಿ ಹಾಕಿದ, ಕಲ್ಲು ಪೇರಿಸಿದ.

"ಮುಚ್ಚಿದೆ."

"ಈಗ ಬೆಳಿಗ್ಗೆ ಸಿದ್ದಮ್ಮನಿಗೆ ಅಂದದ್ದನ್ನೆಲ್ಲ ಇನ್ನೊಂದು ಸಲ ಅನ್ನು. ಅಷ್ಟೇ ಜೋರಾಗಿ."

"ಯಾಕೆ?"

"ಅನ್ನು."

ಅವನು ಗಂಟಲು ಸರಿಮಾಡಿಕೊಂಡ.

"ಇದು ಹೊಲಿಗೆಯೋ ಜರಡಿಯೋ!"

"ಮುಂದೆ."

"ಯಾರದೋ ರವಿಕೆ ಅಂದುಕೊಂಡೆಯಾ!"

"ಅಣ್ಣ, 'ಕಣ್ಣು ಎಲ್ಲಿಟ್ಟಿದ್ದೆ' ಅನ್ನೋದು ಬಿಟ್ಬಿಟ್ರಿ," ಅಂದಳು ಸಿದ್ದಮ್ಮ ಹೊರಗಿನಿಂದ.

"ಕಣ್ಣು ಎಲ್ಲಿಟ್ಟಿದ್ದೆ!"

"ಬೆಳಿಗ್ಗೆ ಇದಕ್ಕಿಂತ ಜೋರಾಗಿತ್ತು," ಅಂದಳು ಅವ್ವ.

ಅವನು ಕೂಗಿದ. ಮೊದಲಿನಿಂದ ಕೊನೆಯವರೆಗೆ ಕೂಗಿದ, ಮತ್ತೆ ಮೊದಲಿನಿಂದ. ಎರಡನೆಯ ಸಲಕ್ಕೆ ಬಾಯಿಯ ಎದುರಿನ ಬಟ್ಟೆ ಮಬ್ಬಾಯಿತು. ಮೂರನೆಯ ಸಲಕ್ಕೆ ಮಬ್ಬಿನಲ್ಲಿ ಸಾಸಿವೆಯಂಥ ಹನಿಗಳು ಎದ್ದವು. ಹನಿ ಹನಿ ಕೂಡಿ ದಪ್ಪವಾದವು.

"ಇದಕ್ಕೇ ನಿಮಗೆ ಯಾರೂ..."

ಆ ಮಾತು ಅಲ್ಲೇ ನಿಂತಿತು. ಅದು ಅವನ ಮಾತಲ್ಲ. ಕೂಲಿ ಮುರಿಯುವ ಮಾಲೀಕರ ಬಾಯಲ್ಲಿ ಅದನ್ನು ಎಷ್ಟೋ ಸಲ ಕೇಳಿದ್ದ. ಅದನ್ನು ಕೇಳಿಯೇ ಅವನು ಮೊದಲ ಸಲ ಬೀದಿಗೆ ಇಳಿದದ್ದು.

ಒಂದು ಹನಿ ಜಾರಿ ಹಣೆಯ ಮೇಲೆ ಬಿತ್ತು.

"ಯಾಕೆ ನಿಲ್ಲಿಸಿದೆ?" ಕೇಳಿದಳು ಅವ್ವ.

"ಒಳಗೆ ಒದ್ದೆಯಾಗ್ತಿದೆ ಅವ್ವ."

"ಮಳೆಯಾ?"

"ಅಲ್ಲ."

"ಮಂಜಾ?"

"ಅಲ್ಲ."

"ಮತ್ತೆ?"

ಗಾಳಿ ಬೀಸಿ ಹೋಯಿತು.

"ನನ್ನ ಉಸಿರು."

ಹೊರಗೆ ಯಾರೂ ನಗಲಿಲ್ಲ. ಅವನು ಗುಂಡಿ ಬಿಚ್ಚಿ ತಲೆ ಹೊರಹಾಕಿದ.

"ತಪ್ಪಾಯ್ತು ಅವ್ವ."

"ನನಗ್ಯಾಕೆ ಹೇಳ್ತೀಯ? ನಾನೇನು ಹೊಲಿದೆನಾ?"

ಪರಶಿವ ಸಿದ್ದಮ್ಮನ ಕಡೆ ತಿರುಗಿದ. ಸಾವಿರ ಜನರ ಮುಂದೆ ತೊದಲದವನು ಒಬ್ಬ ಹೆಂಗಸಿನ ಮುಂದೆ ತೊದಲಿದ.

"ತಪ್ಪಾಯ್ತು ಸಿದ್ದಮ್ಮ. ನಿನ್ನ ಹೊಲಿಗೆ ಸರಿಯಾಗಿದೆ. ಕಿಂಡಿ ಮುಚ್ಚಿದವನು ನಾನು. ಆ ಕೊನೆಯ ಮಾತು... ಅದನ್ನು ನಾನು ಆಡಬಾರದಿತ್ತು."

"ಬುಡಣ್ಣ. ನಾನೂ ನನ್ನ ಹೊಲಿಗೇದೇ ತಪ್ಪು ಅನ್ಕಂಡೆ."

ಆಗ ಅವ್ವನ ದನಿ ಏರಿತು. ಪರಶಿವನ ಮೇಲೆ ಏರದ ದನಿ ಸಿದ್ದಮ್ಮನ ಮೇಲೆ ಏರಿತು.

"ಯಾಕೆ ಅನ್ಕಂಡೆ? ಹೊಲಿಗೆ ಮೇಲೆ ಒಂದು ಸಲ ಬೆರಳಾಡಿಸಿ ನೋಡಿದೆಯಾ? ಯಾಕೆ ಕತ್ತರಿ ತೆಗೆದೆ?"

"ಅಣ್ಣ ಅಷ್ಟು ಜೋರಾಗಿ ಹೇಳಿದ್ರಲ್ಲ ಅವ್ವ."

"ಜೋರಾಗಿ ಹೇಳಿದರೆ ಬಟ್ಟೆ ಸೋರುತ್ತಾ?"

ಸಿದ್ದಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇಲ್ಲ."

"ನಾಳೆ ಇನ್ನೊಬ್ಬ ಬಂದು ಕೂಗಿದರೆ?"

"ಮೊದ್ಲು ಒಂದು ಬಿಂದಿಗೆ ನೀರು ತಗಂಬಾ ಅಂತೀನಿ."

"ಹಾಂ." ಅವ್ವನ ದನಿ ಇಳಿಯಿತು. "ಪರಶಿವ, ನೀನು ಹೇಳಿದ್ದೇ ತೀರ್ಮಾನ ಅಂದಿದ್ದೆ. ಹೇಳು."

"ಡೇರೆ ಚೆನ್ನಾಗಿದೆ. ಗಾಳಿಗೆ ನಿಂತಿತು, ನೀರಿಗೆ ನಿಂತಿತು. ಸಿದ್ದಮ್ಮನ ಬೀದಿಯವರೇ ಹೊಲೀಲಿ. ಕಿಂಡಿ ಮುಚ್ಚಬಾರದು ಅಂತ ಎಲ್ಲರಿಗೂ ನಾನೇ ಹೇಳ್ತೀನಿ."

"ಮೆತ್ತಗೆ ಹೇಳು."

ಸಿದ್ದಮ್ಮ ಸೂಜಿಗೆ ದಾರ ಪೋಣಿಸಿ, ಬಿಚ್ಚಿದ ಗೇಣುದ್ದವನ್ನು ಮತ್ತೆ ಹೊಲಿಯಲು ಕೂತಳು. ಅವ್ವ ಅವಳ ಕೈಯಿಂದ ಸೂಜಿ ಕಿತ್ತುಕೊಂಡು ಪರಶಿವನಿಗೆ ಕೊಟ್ಟಳು.

"ಬಿಚ್ಚಿಸಿದವನು ಹೊಲೀಲಿ."

ಅವನು ಹೊಲಿದ. ಬೆರಳಿಗೆ ಚುಚ್ಚಿಕೊಂಡ, ದಾರ ಗಂಟು ಹಾಕಿಕೊಂಡ, ಬೆವೆತ. ಹೊಲಿಗೆ ಅಲ್ಲೊಂದು ಇಲ್ಲೊಂದು ಬಿತ್ತು. ಸಿದ್ದಮ್ಮ ಕಾಫಿ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದಳು.

"ಅಣ್ಣ, ಇದು ಹೊಲಿಗೆಯೋ ಜರಡಿಯೋ?"

ಅವ್ವ ನಕ್ಕಳು. ಪರಶಿವನೂ ನಕ್ಕ, ಬೆರಳು ಚೀಪುತ್ತ.

"ನಾನು ಬಿಚ್ಚಿ ಸರಿ ಮಾಡ್ಲಾ ಅವ್ವ?"

"ಬೇಡ. ಹಾಗೇ ಇರಲಿ."

ಆ ವರ್ಷ ಬೀದಿಯ ಮಿಷನ್ನುಗಳ ಮೇಲೆ ಬೆಕ್ಕುಗಳಿಗೆ ಜಾಗ ಸಿಗಲಿಲ್ಲ. ಚಳಿಗಾಲ ಬಂತು. ಹೊರಡುವ ದಿನ ಅವ್ವ ಹಲಸಿನ ಮರದ ಕೆಳಗೆ ನಿಂತು ಒಬ್ಬೊಬ್ಬರಿಗೂ ಒಂದೊಂದು ಡೇರೆ ಕೊಟ್ಟಳು. ಟಾರ್ಪಾಲು ಹೊರುತ್ತಿದ್ದ ಆ ಇಬ್ಬರಿಗೆ ಮೊದಲು ಕೊಟ್ಟಳು. ಅವರು ಅದನ್ನು ಕಂಕುಳಲ್ಲಿಟ್ಟು, ಇಷ್ಟೇನಾ ಅನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪರಶಿವ ಕೊನೆಯವನು. ಅವ್ವ ಅವನ ಕೈಗೆ ಆ ಮೊದಲನೆಯ ಡೇರೆಯನ್ನೇ ಇಟ್ಟಳು.

ಅವನು ಬಿಡಿಸಿ ಬಿಸಿಲಿಗೆ ಹಿಡಿದ. ತಾನು ಹೊಲಿದ ಕಡೆ, ತೂತು ತೂತಿನಲ್ಲೂ ಬೆಳಕು ಬರುತ್ತಿತ್ತು. ಬೆಟ್ಟದ ಮೇಲೆ ಮೋಡ ಕಟ್ಟಿತ್ತು.

"ಅವ್ವ, ಇದು ಸೋರುತ್ತೆ."

"ಗೊತ್ತು," ಅಂದಳು ಅವ್ವ. "ತಲೆದಿಂಬು ಅದರ ಕೆಳಗೇ ಹಾಕಿಕೊ."