ಬಡಗಿಯ ಗ್ಲೈಡರ್, ದರ್ಜಿಯ ಬಲಗೈ

“ಗುರುಗಳೇ, ಮದುವೆಮನೆಯಲ್ಲಿ ಎಲ್ಲರೆದುರು ನನ್ನ ಷಡ್ಡಕನ ಮೇಲೆ ಸರ ಕದ್ದನೆಂಬ ಅಪವಾದ ಹೊರಿಸಿದೆ. ಆಮೇಲೆ ಸರ ನನ್ನ ಹೆಂಡತಿಯ ಪೆಟ್ಟಿಗೆಯಲ್ಲೇ ಸಿಕ್ಕಿತು. ಮಾರನೆಯ ದಿನ ಅವನ ಮನೆಗೆ ಹೋಗಿ ಕೈ ಹಿಡಿದು ಕ್ಷಮೆ ಕೇಳಿದೆ. ಅವನು ಕ್ಷಮಿಸಿದ, ಊಟವನ್ನೂ ಹಾಕಿಸಿದ. ವರ್ಷವಾಯಿತು. ನಾಚಿಕೆ ಮಾತ್ರ ಹೋಗಲಿಲ್ಲ. ಕ್ಷಮೆ ಸಿಕ್ಕಿದ ಮೇಲೂ ನಾಚಿಕೆ ಯಾಕೆ ಉಳಿಯುತ್ತದೆ?”

ಶಿಷ್ಯ ಹೀಗೆ ಕೇಳಿದ. ಗುರು ಓದಿದವನಲ್ಲ. ಪುರಾಣ ತೆಗೆಯಲಿಲ್ಲ, ಶ್ಲೋಕ ಹೇಳಲಿಲ್ಲ. ಒಂದು ಕತೆ ಹೇಳಿದ.

ಒಂದು ಊರಿನ ಪಕ್ಕದಲ್ಲಿ ಒಂದು ಬೋಳುಗುಡ್ಡವಿತ್ತು. ಅಲ್ಲಿಯ ಗಾಳಿ ಸಾಮಾನ್ಯದ್ದಲ್ಲ. ಆ ಊರಿನ ಹೆಂಗಸೊಬ್ಬಳು ಒಣಹಾಕಿದ ಸೀರೆ ಹಾರಿ, ಮೂರು ಊರು ದಾಟಿ, ಅವಳ ತವರುಮನೆಯ ಬೇಲಿಯ ಮೇಲೆ ಹೋಗಿ ಕುಳಿತಿತು. ಹಿಂದೆಯೇ ಮಗಳು ಬರುತ್ತಾಳೆಂದು ಅವಳ ತಾಯಿ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದಳು. ಇದು ಸುಳ್ಳಲ್ಲ. ಆ ಬೇಲಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಆ ಗಾಳಿ ಗುಡ್ಡದ ಮೈಗೆ ಬಡಿದು ಮೇಲಕ್ಕೆ ಏಳುತ್ತಿತ್ತು. ಅದನ್ನು ನಂಬಿ ಕೆಲವರು ಭಾನುವಾರ ಅಲ್ಲಿಗೆ ಗ್ಲೈಡರ್ ಹಾರಿಸಲು ಬರುತ್ತಿದ್ದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ಸಣ್ಣ ವಿಮಾನ. ಗುಡ್ಡದ ಅಂಚಿನಿಂದ ಎಸೆದರೆ, ಏಳುವ ಗಾಳಿಯ ಮೇಲೆ ಹದ್ದಿನ ಹಾಗೆ ನಿಲ್ಲುತ್ತದೆ. ಎಸೆಯುವವನು ಒಬ್ಬ. ರಿಮೋಟು ಹಿಡಿದು ಅದರ ಬಾಲ ತಿರುಗಿಸುವವನು ಇನ್ನೊಬ್ಬ.

ಆ ಗುಡ್ಡದಲ್ಲಿ ಎರಡು ಕಟ್ಟುಪಾಡುಗಳಿದ್ದವು. ಎಸೆಯುವ ಮೊದಲು ರಿಮೋಟಿನಿಂದ ಒಮ್ಮೆ ಬಾಲ ಅಲ್ಲಾಡಿಸಿ ತೋರಿಸಬೇಕು. ಹಾರುವಾಗ ವಿಮಾನ ಮಾತು ಕೇಳದೆ ಹೋದರೆ, ಹಾರಿಸುವವನು ಗಂಟಲು ಹರಿಯುವಂತೆ “ಕೈಬಿಟ್ಟಿತು!” ಎಂದು ಕೂಗಬೇಕು. ಕೂಗು ಕೇಳಿದವರೆಲ್ಲ ನೆಲಕ್ಕೆ ಮಲಗಬೇಕು. ದೊಡ್ಡವರು, ಸಣ್ಣವರು, ಪ್ಯಾಂಟು ಇಸ್ತ್ರಿ ಮಾಡಿಸಿಕೊಂಡು ಬಂದವರು, ಎಲ್ಲರೂ. ಹಾಗೆ ಕೂಗಿದವನನ್ನು ನೋಡಿ ಅಲ್ಲಿ ಯಾರೂ ನಗುತ್ತಿರಲಿಲ್ಲ.

ಒಬ್ಬ ನಗುತ್ತಿದ್ದ. ಅವನು ಆ ಊರಿನ ಬಡಗಿ.

ಬಡಗಿ ಕೈಕೆಲಸದಲ್ಲಿ ಗಟ್ಟಿಗ. ಅವನು ಮಾಡಿದ ಬಾಗಿಲು ಎಷ್ಟು ಹಗುರ ಎಂದರೆ, ಸೊಳ್ಳೆ ಬಂದು ಕೂತರೂ ತೆರೆದುಕೊಳ್ಳುತ್ತಿತ್ತು. ಇದನ್ನು ಹೇಳುತ್ತಿದ್ದವನು ಬಡಗಿಯೇ. ಯಾರಾದರೂ “ಕೈಬಿಟ್ಟಿತು” ಎಂದು ಕೂಗಿ, ಜನ ಮಲಗಿ, ಎದ್ದು ಮೈ ಕೊಡವಿಕೊಳ್ಳುವಾಗ ಅವನು ಮಾತ್ರ ನಿಂತೇ ಇರುತ್ತಿದ್ದ. “ಕೈಬಿಡೋ ವಿಮಾನ ಯಾಕ್ರಯ್ಯಾ ಕಟ್ಕೊಂಡ್ ಬರ್ತೀರಿ? ಗಾಳಿಪಟ ಹಾರಿಸ್ಕೊಂಡು ಮನೆ ಮಾಳಿಗೆ ಮೇಲೇ ಇರಬಾರದಾ?” ಎನ್ನುತ್ತಿದ್ದ. ಕೂಗಿದವನ ಮುಖ ಕೆಂಪಾಗುತ್ತಿತ್ತು.

ಒಂದು ದಿನ ಬಡಗಿ ತಾನೇ ಒಂದು ಗ್ಲೈಡರ್ ಮಾಡಲು ಕುಳಿತ. ಅಂಗಡಿಯಿಂದ ಸಿದ್ಧ ತುಂಡುಗಳನ್ನು ತಂದು ಜೋಡಿಸಲಿಲ್ಲ. ಹಗುರವಾದ ಹಾಲವಾಣದ ಮರ ತಂದು ಒಳಗೆ ಟೊಳ್ಳು ಮಾಡಿ ಮೈ ಕೆತ್ತಿದ. ಟೀವಿ ಪೆಟ್ಟಿಗೆಯ ಥರ್ಮಾಕೋಲನ್ನು ಕಾದ ತಂತಿಯಲ್ಲಿ ಕೊಯ್ದು ರೆಕ್ಕೆ ತೆಗೆದ. ರೆಕ್ಕೆಯ ಬೆನ್ನಿಗೆ ಬಿದಿರಿನ ಸೀಳು ಕೂರಿಸಿದ. ಆಮೇಲೆ ಬೀದಿಯ ಆಚೆ ಬದಿಯ ದರ್ಜಿಯನ್ನು ಕರೆದ. ದರ್ಜಿ ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ, ಅಳತೆ ಹಿಡಿದು, ರೆಕ್ಕೆಗೆ ಸುಕ್ಕಿಲ್ಲದ ಹಾಗೆ ಹೊದಿಸಿದ. ಅವನ ಬಲಗೈ ಅಂಥದ್ದು. ಕತ್ತರಿ ಇಟ್ಟರೆ ಗೆರೆ ಎಳೆಯುವುದೇ ಬೇಡ.

ಮೂರು ತಿಂಗಳಾಯಿತು. ರೆಕ್ಕೆ ತುದಿಯಿಂದ ತುದಿಗೆ ನಾಲ್ಕು ಮೊಳ. ಪಟ್ಟಣದಿಂದ ತಂದ ಎರಡು ಸಣ್ಣ ಮೋಟಾರುಗಳನ್ನು ಬಾಲ ಎಳೆಯಲು ಹೊಟ್ಟೆಯೊಳಗೆ ಕೂರಿಸಿದರು. ಅಲ್ಲೇ ಒಂದು ಗುಂಡಿ ಇಟ್ಟರು. ಅದನ್ನು ಒತ್ತಿದರೆ ಮಾತ್ರ ವಿಮಾನಕ್ಕೆ ರಿಮೋಟಿನ ಮಾತು ಕೇಳುತ್ತದೆ. ಬಡಗಿ ರೆಕ್ಕೆಯನ್ನು ಎರಡು ಬೆರಳ ಮೇಲಿಟ್ಟು ತೂಗಿದ. ಬಾಲ ಕೆಳಗೆ ಹೋಯಿತು. ಮೂತಿಗೆ ಸೀಸದ ಚೂರು ತುಂಬಿದ, ಮತ್ತೆ ತೂಗಿದ. ಒಂದು ವಾರ ಅದೇ ಕೆಲಸ. ಕೊನೆಗೆ ವಿಮಾನ ಬೆರಳ ಮೇಲೆ ನೀರಿನ ಮಟ್ಟದಂತೆ ನಿಂತಿತು. ಬಡಗಿಯ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ಮರೆಯಬೇಡ.

ಭಾನುವಾರ ಇಬ್ಬರೂ ಗುಡ್ಡ ಹತ್ತಿದರು. ಐವತ್ತು ಜನ ಸೇರಿದ್ದರು. ಬಡಗಿ ಬೆಳಗ್ಗಿನಿಂದ ಅವರಿಗೆ ಮರದ ಜಾತಿ, ತಂತಿಯ ಬಿಸಿ, ತನ್ನ ಕೈಯ ಹದ ಎಲ್ಲವನ್ನೂ ವಿವರಿಸಿದ. ವಿವರಿಸುವುದರಲ್ಲಿ ಹೊಟ್ಟೆಯೊಳಗಿನ ಗುಂಡಿ ಒತ್ತುವುದನ್ನು ಮರೆತ.

ದರ್ಜಿ ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದು ಅಂಚಿಗೆ ಹೋಗಿ ನಿಂತ.

“ಆಚಾರ್ರೇ, ಒಂದ್ಸಲ ಬಾಲ ಅಲ್ಲಾಡಿಸಿ, ನೋಡ್ತೀನಿ.”

“ನಾನು ಮಾಡಿದ ಬಾಗಿಲು ತೆರೆಯುತ್ತೋ ಇಲ್ವೋ ಅಂತ ಯಾವನಾದ್ರೂ ಪರೀಕ್ಷೆ ಮಾಡಿದ್ದುಂಟೇನಯ್ಯಾ? ನಿನ್ನ ಟೇಪು, ಅಳತೆ ಎಲ್ಲ ಅಂಗಡೀಲಿ ಇಟ್ಕೋ. ಎಸಿ!”

ಜನ ನಕ್ಕರು. ದರ್ಜಿಯೂ ನಕ್ಕು ಎಸೆದ.

ವಿಮಾನ ಒಮ್ಮೆ ಇಳಿಯಿತು. ಗಾಳಿ ರೆಕ್ಕೆಯ ಕೆಳಗೆ ಬಂತು. ವಿಮಾನ ಎದ್ದಿತು, ಇನ್ನೂ ಎದ್ದಿತು, ಅಷ್ಟೆತ್ತರದಲ್ಲಿ ನಿಂತಿತು. ಒಂದು ಹದ್ದು ಬಂದು, ನೋಡಿ, ನಾಚಿ, ಬೇರೆ ಗುಡ್ಡಕ್ಕೆ ಹೋಯಿತು.

ಬಡಗಿ ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದ. ವಿಮಾನ ಎಡಕ್ಕೆ ಹೋಯಿತು. ಎಡಕ್ಕೆ ತಳ್ಳಿದ. ಅದು ಎಡಕ್ಕೇ ಹೋಗುತ್ತಿತ್ತು, ಬಿಟ್ಟರೂ ಎಡಕ್ಕೇ ಹೋಯಿತು. ಆಗ ಅವನಿಗೆ ಗುಂಡಿ ನೆನಪಾಯಿತು. ವಿಮಾನವನ್ನು ಹಾರಿಸುತ್ತಿದ್ದದ್ದು ಅವನಲ್ಲ. ಗಾಳಿ, ಮತ್ತು ಆ ಸೀಸದ ಚೂರು.

ಕೂಗಲು ಬಾಯಿ ತೆರೆದ. ಎದುರಿಗೆ ಐವತ್ತು ಮುಖಗಳಿದ್ದವು. ಅವನು ಯಾರು ಯಾರನ್ನು ನೋಡಿ ನಕ್ಕಿದ್ದನೋ ಅವರೆಲ್ಲ ಅಲ್ಲಿದ್ದರು. ತೆರೆದ ಬಾಯಿಂದ ಬೇರೆ ಮಾತು ಬಂತು.

“ಎಡಕ್ಕೆ ತಿರುಗಿಸಿದೆ, ನೋಡಿ!”

ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದಾಚೆಗೆ ವಿಮಾನ ಏನು ಮಾಡಿತೋ ಅದನ್ನೇ ಅವನು ಹೇಳುತ್ತಾ ಹೋದ. ಏರಿದರೆ “ಏರಿಸಿದೆ” ಎಂದ. ಇಳಿದರೆ “ಇಳಿಸಿದೆ” ಎಂದ. ಹೆಬ್ಬೆರಳುಗಳನ್ನು ಚೆನ್ನಾಗಿ ಅಲ್ಲಾಡಿಸುತ್ತಿದ್ದ. ಹೀಗೆ ಎಷ್ಟೋ ಹೊತ್ತು ನಡೆಯಿತು. ಅವನ ಬೆನ್ನು ಬೆವರಿಂದ ತೊಯ್ದು ಹೋಯಿತು.

ಕೊನೆಗೆ ವಿಮಾನ ದೊಡ್ಡದಾಗಿ ತಿರುಗಿ, ಮೂತಿ ತಗ್ಗಿಸಿ, ಗುಡ್ಡದ ಅಂಚಿಗೆ ನೇರವಾಗಿ ಬಂತು. ಅಂಚಿನಲ್ಲಿ ದರ್ಜಿ ನಿಂತಿದ್ದ. ತಾನು ಹೊದಿಸಿದ ಬಟ್ಟೆ ಬಿಸಿಲಲ್ಲಿ ಹೊಳೆಯುವುದನ್ನು ಬಲಗೈ ಹುಬ್ಬಿಗೆ ಹಿಡಿದು ನೋಡುತ್ತಿದ್ದ. ಬಡಗಿ ವಿಮಾನವನ್ನು ಕಂಡ. ದರ್ಜಿಯನ್ನೂ ಕಂಡ. ಒಂದು ಮಾತು ಕೂಗುವಷ್ಟು ಸಮಯವಿತ್ತು. ಎರಡು ಸಲ ಕೂಗುವಷ್ಟಿತ್ತು.

ಅವನು ಕೂಗಲಿಲ್ಲ.

ಯಾರೂ ಕೂಗದ ಕಾರಣ ದರ್ಜಿ ಮಲಗಲಿಲ್ಲ. ಕೊನೆಯ ಗಳಿಗೆಯಲ್ಲಿ ಒಂದು ಗಾಳಿ ಬಂದು ಒಂದು ರೆಕ್ಕೆಯನ್ನು ಎತ್ತಿತು. ತಲೆಗೆ ಬರುವುದು ತಪ್ಪಿತು. ರೆಕ್ಕೆಯೊಳಗಿನ ಬಿದಿರು ದರ್ಜಿಯ ಬಲಗೈಗೆ ಬಡಿಯಿತು. ಹೆಬ್ಬೆರಳೂ ಮಣಿಕಟ್ಟೂ ಮುರಿದವು.

ಎಲ್ಲರೂ ದರ್ಜಿಯ ಕಡೆಗೆ ಓಡಿದರು. ಬಡಗಿ ವಿಮಾನದ ಕಡೆಗೆ ಓಡಿದ. ಮೈ ಅಡ್ಡ ಮಾಡಿ ಕುಳಿತು, ಹೊಟ್ಟೆಯೊಳಗೆ ಬೆರಳು ಹಾಕಿ, ಗುಂಡಿ ಒತ್ತಿದ. ಮೋಟಾರು ಕಿರ್ರೆಂದಿತು. ಆಮೇಲೆ ಎದ್ದು ದರ್ಜಿಯ ಬಳಿ ಬಂದ.

ದರ್ಜಿ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದ. ಬಡಗಿಯನ್ನು ಕಂಡು ಹೇಳಿದ: “ನೀವು ಕೊನೇ ಗಳಿಗೇಲಿ ತಿರುಗಿಸದೇ ಇದ್ದಿದ್ರೆ ನನ್ನ ತಲೇನೇ ಹೋಗ್ತಿತ್ತು, ಆಚಾರ್ರೇ.”

ಜನ ಹೌದು ಹೌದು ಎಂದರು. ಬಡಗಿ, “ಗಾಳಿ ಜೋರಿತ್ತು” ಎಂದ. ಅದು ಸುಳ್ಳಲ್ಲ.

ದರ್ಜಿಯ ಕೈಗೆ ಬಿದಿರಿನ ಪಟ್ಟಿ ಇಟ್ಟು ಕಟ್ಟು ಕಟ್ಟಿದರು. ಮದುವೆಯ ತಿಂಗಳುಗಳು. ಬಟ್ಟೆ ತಂದವರು ಬಾಗಿಲಲ್ಲೇ ನಿಂತು, ಕೈ ನೋಡಿ, ಬೇರೆ ಅಂಗಡಿಗೆ ಹೋದರು. ದರ್ಜಿ ಎಡಗೈಯಲ್ಲಿ ಕತ್ತರಿ ಹಿಡಿಯಲು ಕಲಿತ. ಕಾಲರ್‌ಗಳು ಓರೆಯಾದವು. ಆದರೆ ಬಂದವರಿಗೆಲ್ಲ ಅವನು ಕೈ ತೋರಿಸಿ ಬಡಗಿಯ ಗುಣಗಾನ ಮಾಡುತ್ತಿದ್ದ. ಮೊದಲ ವಾರ ವಿಮಾನ ನಾಲ್ಕು ಮೊಳವೇ ಇತ್ತು. ತಿಂಗಳಾಗುವುದರೊಳಗೆ ಎತ್ತಿನ ಗಾಡಿಯಷ್ಟಾಯಿತು. ಬಡಗಿ ಒಂದೇ ಬೆರಳಲ್ಲಿ ಅದನ್ನು ಪಕ್ಕಕ್ಕೆ ತಳ್ಳಿದ್ದನಂತೆ, ಇನ್ನೊಂದು ಕೈಯಲ್ಲಿ ಬೀಡಿ ಹಚ್ಚಿಕೊಳ್ಳುತ್ತಿದ್ದನಂತೆ.

ಬಡಗಿ ಜೀವಮಾನವಿಡೀ ತನ್ನ ಬಗ್ಗೆ ತಾನೇ ಬುರುಡೆ ಬಿಟ್ಟವನು. ಆದರೆ ಆ ಬುರುಡೆಯನ್ನು ದರ್ಜಿಯ ಬಾಯಲ್ಲಿ ಕೇಳಲು ಅವನಿಗೆ ಆಗಲಿಲ್ಲ. ದರ್ಜಿಯ ಅಂಗಡಿಯ ಮುಂದೆ ಹೋಗುವುದನ್ನು ಬಿಟ್ಟ. ಹಿಂದಿನ ಬೀದಿಯಿಂದ ಸುತ್ತಿ ಮನೆ ಸೇರುತ್ತಿದ್ದ. ಎದುರು ಸಿಕ್ಕವರು “ದರ್ಜಿ ತಲೆ ಕಾಪಾಡಿದ ಪುಣ್ಯಾತ್ಮ” ಎಂದರೆ, ಕೈಯಲ್ಲಿದ್ದ ಉಳಿಯನ್ನು ನೋಡುತ್ತಾ ನಿಲ್ಲುತ್ತಿದ್ದ. ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಕೊನೆಗೆ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅಂಗಡಿಗೆ ಹೋದ. ಅರ್ಧ ಬಾಗಿಲು ಮುಂದೆ ಮಾಡಿದ. ದನಿ ತಗ್ಗಿಸಿ ಎಲ್ಲವನ್ನೂ ಹೇಳಿದ. ಗುಂಡಿ ಮರೆತದ್ದನ್ನು ಹೇಳಿದ. ಕೂಗದೆ ಇದ್ದದ್ದನ್ನು ಹೇಳಿದ. ಮೊದಲು ವಿಮಾನದ ಕಡೆಗೆ ಓಡಿದ್ದನ್ನೂ ಹೇಳಿದ.

ದರ್ಜಿ ಎಡಗೈಯ ಕತ್ತರಿಯನ್ನು ಕೆಳಗಿಟ್ಟ.

“ನಾನು ಅಲ್ಲಿ ನಿಂತಿದ್ದು ನಿಮಗೆ ಕಾಣಿಸಿತ್ತಾ?”

“ಕಾಣಿಸಿತ್ತು.”

ದರ್ಜಿ ತನ್ನ ಬಲಗೈ ನೋಡಿಕೊಂಡ. ಆಮೇಲೆ ಹೇಳಿದ: “ಆಯ್ತು, ಬಿಡಿ. ನೀವಾಗೇ ಬಂದು ಹೇಳಿದ್ರಲ್ಲ. ನನ್ನ ಮನಸ್ಸಲ್ಲಿ ಏನೂ ಇಲ್ಲ.”

ಅವನು ಮನಸಾರೆ ಹೇಳಿದ್ದ. ಬಡಗಿ ಕಣ್ಣೊರೆಸಿಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಉಂಡ.

ಮುಂದಿನ ಭಾನುವಾರ ಇಬ್ಬರೂ ಗುಡ್ಡಕ್ಕೆ ಹೋದರು. ಅದೇ ಐವತ್ತು ಜನ. ಹೊಸದಾಗಿ ಬಂದ ಒಬ್ಬ ವ್ಯಾಪಾರಿ ದರ್ಜಿಯ ಸೊಟ್ಟ ಹೆಬ್ಬೆರಳು ನೋಡಿ, “ಇದೇನಾಯ್ತಪ್ಪ?” ಎಂದು ಕೇಳಿದ.

ದರ್ಜಿ ಬಡಗಿಯ ಕಡೆಗೆ ನೋಡಿದ. ಸ್ವಲ್ಪ ಹೊತ್ತು ಕಾದ. ಬಡಗಿ ಬಗ್ಗಿ ವಿಮಾನದ ಬಾಲದಲ್ಲಿ ಇಲ್ಲದ ಧೂಳನ್ನು ಒರೆಸುತ್ತಿದ್ದ.

“ಗಾಳಿ, ಸ್ವಾಮಿ” ಎಂದ ದರ್ಜಿ. “ಇವರು ತಿರುಗಿಸಿದ್ದಕ್ಕೆ ತಲೆ ಉಳೀತು.”

ಮೊದಲು ಹಾಗೆಂದಾಗ ದರ್ಜಿ ಅದನ್ನು ನಂಬಿ ಹೇಳಿದ್ದ. ಈ ಸಲ ಸುಳ್ಳೆಂದು ತಿಳಿದೇ ಹೇಳಿದ. ಜನ ಹೌದು ಹೌದು ಎಂದರು. ಬಡಗಿ ಬಗ್ಗಿಯೇ ಇದ್ದ. ಆ ದಿನದ ನಂತರ ಅವನು ಗ್ಲೈಡರ್ ಹಾರಿಸಲಿಲ್ಲ. ಹಾರುವುದನ್ನು ನೋಡಬೇಕಾದರೆ ತಲೆ ಎತ್ತಬೇಕು. ಅವನಿಗೆ ಅದು ಆಗಲಿಲ್ಲ.

ಗುರು ಕತೆ ನಿಲ್ಲಿಸಿದ. ಶಿಷ್ಯ ಕೇಳಿದ:

“ಅವನು ಒಂದನ್ನೂ ಮುಚ್ಚಿಡದೆ ಹೇಳಿದನಲ್ಲ, ಗುರುಗಳೇ. ದರ್ಜಿಯೂ ಮನಸಾರೆ ಕ್ಷಮಿಸಿದನಲ್ಲ. ಮತ್ತೆ ಇನ್ನೇನು ಉಳಿದಿತ್ತು?”

ಗುರು ಹೇಳಿದ: “ಕೂಗಿ ಹೇಳಬೇಕಾದದ್ದನ್ನು ಅವನು ಕಿವಿಯಲ್ಲಿ ಹೇಳಿ ಬಂದಿದ್ದನಪ್ಪ.”